ಕಳಂಕ ನಿವಾರಣೆಯ ತರಬೇತಿ: ಒಳಗಿನವಳೊಬ್ಬಳ ವಿಮರ್ಶೆ

ಮಾನಸಿಕ ಆರೋಗ್ಯ ಸೇವೆಯಲ್ಲಿ ದುಡಿಯುವವರಲ್ಲೇ ಮನೆಮಾಡಿರುವ ಪೂರ್ವಗ್ರಹಗಳನ್ನು ತಿದ್ದುವ ಉದ್ದೇಶದಿಂದ ರೂಪಿಸಿದ ಎರಡು ದಿನಗಳ ತರಬೇತಿಯೊಂದರಲ್ಲಿ ನಮ್ಮ ವಿಭಾಗದ ಇಪ್ಪತ್ತು ಮಂದಿ ಪಾಲ್ಗೊಂಡಿದ್ದೆವು. ಮನೋವೈದ್ಯರು, ನರ್ಸ್‌ಗಳು, ಸಮಾಜಕಾರ್ಯಕರ್ತರು ಮತ್ತು ನನ್ನಂಥ ಮನಶ್ಶಾಸ್ತ್ರಜ್ಞರು ಆ ಗುಂಪಿನಲ್ಲಿದ್ದರು. ತರಬೇತಿ ನೀಡಿದ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಅದನ್ನು ಬರೆದರೆ ನಮ್ಮ ಆಸ್ಪತ್ರೆ ಯಾವುದೆಂಬುದೂ ಗೊತ್ತಾಗುತ್ತದೆ, ಆಗ ಇಲ್ಲಿ ಹೇಳಬೇಕಾದ ಕೆಲವು ಮಾತುಗಳನ್ನು ಹೇಳುವುದು ಸಾಧ್ಯವಾಗುವುದಿಲ್ಲ. ಇಂಥ ತರಬೇತಿಗಳು ಈಗ ಹಲವೆಡೆ ಒಂದೇ ಅಚ್ಚಿನಲ್ಲಿ ನಡೆಯುತ್ತಿರುವುದರಿಂದ, ಸಿಬ್ಬಂದಿಯನ್ನು ಕಳುಹಿಸುವ ಮುನ್ನ ಏನನ್ನು ಕೇಳಿ ತಿಳಿದುಕೊಳ್ಳಬೇಕು ಎಂಬುದಕ್ಕೆ ಈ ವಿಮರ್ಶೆ ನೆರವಾಗಬಹುದು.

ನಾನು ಮನಸ್ಸಿಲ್ಲದೆ ಹೋದವಳು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಮನೋರೋಗವುಳ್ಳವರಿಗೆ ಅಂಟಿಸುವ ಕಳಂಕವೆಂಬುದು ಹೊರಗಿನದು, ಅದು ಸಂಬಂಧಿಕರಲ್ಲಿ, ನೆರೆಹೊರೆಯವರಲ್ಲಿ, ಕೆಲಸ ಕೊಡುವವರಲ್ಲಿ ಇರುವಂಥದ್ದು, ಅದರ ವಿರುದ್ಧ ಕರಪತ್ರ ಹಂಚುವವರು ನಾವು ಎಂಬ ನಂಬಿಕೆಯಲ್ಲಿಯೇ ನನ್ನ ಹದಿನಾಲ್ಕು ವರ್ಷಗಳ ವೃತ್ತಿ ಕಳೆದಿತ್ತು. ಮೊದಲ ಗಂಟೆಯಲ್ಲಿಯೇ ತರಬೇತುದಾರರು ಆ ನಂಬಿಕೆಗೆ ಕೈಹಾಕಿದರು. ಸ್ವಿಟ್ಜರ್ಲೆಂಡಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಮಾನಸಿಕ ಆರೋಗ್ಯ ವೃತ್ತಿಪರರ ಧೋರಣೆಯನ್ನು ಸಾಮಾನ್ಯ ಜನರ ಧೋರಣೆಯ ಪಕ್ಕದಲ್ಲಿಟ್ಟು ನೋಡಿತ್ತು. ರೋಗಿಗಳ ಹಕ್ಕುಗಳನ್ನು ಮೊಟಕುಗೊಳಿಸುವ ವಿಷಯದಲ್ಲಿ ವೃತ್ತಿಪರರು ಜನರಿಗಿಂತ ಉದಾರವಾಗಿದ್ದರು, ಅದು ಸಮಾಧಾನದ ಸಂಗತಿ. ಆದರೆ ರೋಗಿಗಳು ಹೀಗೆಯೇ ಇರುತ್ತಾರೆ ಎಂಬ ಸಿದ್ಧ ಕಲ್ಪನೆಗಳನ್ನು ಅಳೆದಾಗ ಮನೋವೈದ್ಯರ ಕಲ್ಪನೆಗಳು ಜನಸಾಮಾನ್ಯರದ್ದಕ್ಕಿಂತ ಹೆಚ್ಚು ನಕಾರಾತ್ಮಕವಾಗಿದ್ದವು. ಕಾಯಿಲೆಯುಳ್ಳವರಿಂದ ದೂರವಿರಬೇಕೆಂಬ ಬಯಕೆಯಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಹೆಚ್ಚು ತಿಳಿದವರು ಹೆಚ್ಚು ಹತ್ತಿರ ಬರುತ್ತಾರೆ ಎಂಬ ನಮ್ಮ ಲೆಕ್ಕಾಚಾರಕ್ಕೆ ಅಲ್ಲಿ ಆಧಾರವಿರಲಿಲ್ಲ.

ಇದಕ್ಕೆ ತರಬೇತುದಾರರು ಕೊಟ್ಟ ವಿವರಣೆ ನನಗೆ ಇಡೀ ತರಬೇತಿಯಲ್ಲಿ ಹೆಚ್ಚು ಉಪಯೋಗಕ್ಕೆ ಬಂದ ಮಾತುಗಳಲ್ಲೊಂದು. ಗುಣವಾದವರು ನಮ್ಮ ಬಳಿ ಮರಳಿ ಬರುವುದಿಲ್ಲ. ದಿನವೂ ನಾವು ನೋಡುವುದು ಗುಣವಾಗದವರನ್ನು, ಮತ್ತೆ ಮರುಕಳಿಸಿದವರನ್ನು, ವರ್ಷಗಟ್ಟಲೆ ಔಷಧಿಯ ಮೇಲಿರುವವರನ್ನು. ಹಾಗಾಗಿ ನಮ್ಮ ಕಣ್ಣಿಗೆ ಬಿದ್ದವರನ್ನೇ ಕಾಯಿಲೆಯ ಪೂರ್ಣ ಚಿತ್ರವೆಂದು ತಿಳಿಯುತ್ತೇವೆ. ಸಂಶೋಧಕರಾದ ಪೆಟ್ರೀಷಿಯಾ ಕೊಹೆನ್ ಮತ್ತು ಜೇಕಬ್ ಕೊಹೆನ್ ಅವರು 1984ರಲ್ಲಿಯೇ ಇದನ್ನು ಚಿಕಿತ್ಸಕರ ಭ್ರಮೆ ಎಂದು ಕರೆದಿದ್ದರು. ಅಮೆರಿಕದ ವರ್ಮಾಂಟ್ ರಾಜ್ಯದ ಆಸ್ಪತ್ರೆಯೊಂದರಲ್ಲಿ ದೀರ್ಘಕಾಲದ ರೋಗಿಗಳನ್ನಿಡುವ ಹಿಂಬದಿಯ ವಾರ್ಡುಗಳಲ್ಲಿದ್ದು, ಇವರು ಇನ್ನು ಸುಧಾರಿಸುವುದಿಲ್ಲವೆಂದು ಕೈಬಿಡಲಾಗಿದ್ದವರನ್ನು ಕೋರ್ಟ್ನಿ ಹಾರ್ಡಿಂಗ್ ಮತ್ತು ಸಂಗಡಿಗರು ಸುಮಾರು ಮೂರು ದಶಕಗಳ ನಂತರ ಹುಡುಕಿ ಮಾತನಾಡಿಸಿದಾಗ, ಅವರಲ್ಲಿ ಅರ್ಧದಿಂದ ಮೂರನೆಯ ಎರಡರಷ್ಟು ಜನ ಗಮನಾರ್ಹವಾಗಿ ಸುಧಾರಿಸಿದ್ದರು ಅಥವಾ ಚೇತರಿಸಿಕೊಂಡಿದ್ದರು. ಆ ಫಲಿತಾಂಶ 1987ರಲ್ಲಿ ಪ್ರಕಟವಾಯಿತು. ನನ್ನ ಪಠ್ಯಕ್ರಮದಲ್ಲಿ ಅದು ಒಂದು ಸಾಲಾಗಿಯೂ ಬರಲಿಲ್ಲ ಎಂಬುದು ಆ ಕೋಣೆಯಲ್ಲಿ ಕುಳಿತಾಗಲೇ ನನಗೆ ಹೊಳೆದದ್ದು.

ಇದಾದ ಮೇಲೆ ಒಂದು ಅಭ್ಯಾಸವಿತ್ತು. ಖಿನ್ನತೆ ಮತ್ತು ನಿದ್ರಾಹೀನತೆಯಿಂದ ಬಳಲುತ್ತಿರುವ, ಸಾಯುವ ಯೋಚನೆ ಬರುತ್ತಿದೆ ಎಂದು ಹೇಳುತ್ತಿರುವ ವ್ಯಕ್ತಿಯೊಬ್ಬರ ವಿವರವನ್ನು ಒಂದು ಪುಟದಲ್ಲಿ ಕೊಟ್ಟು, ಈ ವ್ಯಕ್ತಿಯ ಬಗ್ಗೆ ನಿಮ್ಮ ಅಭಿಪ್ರಾಯ ಬರೆಯಿರಿ ಎಂದರು. ಬರೆದು ಮುಗಿಸಿದ ಮೇಲೆ ಗೊತ್ತಾದ ಸಂಗತಿಯೆಂದರೆ, ನಮ್ಮಲ್ಲಿ ಅರ್ಧದಷ್ಟು ಜನರ ಪುಟದಲ್ಲಿ ಒಂದು ಸಾಲು ಹೆಚ್ಚಾಗಿತ್ತು: ಈ ಹಿಂದೆ ಇವರಿಗೆ ವ್ಯಕ್ತಿತ್ವದ ಅಸ್ವಸ್ಥತೆ ಇದೆಯೆಂದು ಗುರುತಿಸಲಾಗಿತ್ತು. ಬ್ರಿಟನ್ನಿನಲ್ಲಿ ಲೂಯಿಸ್ ಮತ್ತು ಆಪಲ್‌ಬಿ ಎಂಬ ಸಂಶೋಧಕರು 1988ರಲ್ಲಿ ಮನೋವೈದ್ಯರ ಮೇಲೆ ನಡೆಸಿದ ಪ್ರಯೋಗದ ಮಾದರಿ ಇದು. ಅಲ್ಲಿಯೂ ಆ ಒಂದು ಹಣೆಪಟ್ಟಿ ಸೇರಿದೊಡನೆ ಅದೇ ರೋಗಿ ಸಂಭಾಳಿಸಲು ಕಷ್ಟವಾದವರಾಗಿ, ಕಿರಿಕಿರಿಯುಂಟುಮಾಡುವವರಾಗಿ, ಗಮನ ಸೆಳೆಯಲೆಂದೇ ಹೀಗಾಡುವವರಾಗಿ ವೈದ್ಯರ ಕಣ್ಣಿಗೆ ಕಂಡಿದ್ದರು. ನನ್ನ ಪುಟದಲ್ಲಿ ಆ ಸಾಲಿತ್ತು. ನಾನು ಬರೆದಿದ್ದ ಮೊದಲ ವಾಕ್ಯ ಹೀಗಿತ್ತು: “ಆತ್ಮಹತ್ಯೆಯ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಪರಿಶೀಲಿಸಬೇಕು.” ಆ ಸಾಲಿಲ್ಲದ ಪುಟ ಪಡೆದಿದ್ದ, ನನ್ನ ಪಕ್ಕದಲ್ಲೇ ಕುಳಿತ ಸಹೋದ್ಯೋಗಿ, “ಈ ರಾತ್ರಿ ಇವರ ಜೊತೆ ಯಾರಿರುತ್ತಾರೆ ಎಂದು ಕೇಳಬೇಕು” ಎಂದು ಬರೆದಿದ್ದರು.

ಎರಡನೆಯ ದಿನದ ಬೆಳಗಿನ ಅವಧಿಯೇ ಈ ತರಬೇತಿಯ ಪ್ರಾಣ. ನಾವೇ ಬರೆದ ಕೇಸ್‌ಶೀಟುಗಳ ಕೆಲವು ಪುಟಗಳನ್ನು, ಹೆಸರು ವಿಳಾಸಗಳು ಮತ್ತು ಗುರುತು ಸಿಗುವ ವಿವರಗಳನ್ನೆಲ್ಲ ಅಳಿಸಿ ತರಬೇಕೆಂದು ಮೊದಲೇ ತಿಳಿಸಲಾಗಿತ್ತು. ರೋಗಿಯ ಸ್ಥಿತಿಯನ್ನು ಹೇಳುವ ಮಾತುಗಳಿಗೆ ನೀಲಿ ಗೆರೆ, ನಮ್ಮ ಬೇಸರವನ್ನು ಹೇಳುವ ಮಾತುಗಳಿಗೆ ಕೆಂಪು ಗೆರೆ ಎಳೆಯಬೇಕಿತ್ತು. ಸರಳವಾಗಿ ತೋರುವ ಈ ಕೆಲಸಕ್ಕೆ ಎರಡು ಗಂಟೆ ಸಾಲಲಿಲ್ಲ. ‘ನಾನ್‌ಕಂಪ್ಲಯಂಟ್’ (ಹೇಳಿದಂತೆ ಔಷಧಿ ತೆಗೆದುಕೊಳ್ಳದವರು), ‘ಇನ್‌ಸೈಟ್ ಇಲ್ಲ’ (ತಮಗೆ ಕಾಯಿಲೆಯಿದೆ ಎಂಬ ಅರಿವಿಲ್ಲ), ‘ಮ್ಯಾನಿಪ್ಯುಲೇಟಿವ್’ (ತಮಗೆ ಬೇಕಾದಂತೆ ಇತರರನ್ನು ಆಡಿಸುವವರು), ‘ಮತ್ತೆ ಅದೇ ಹಳೆಯ ದೂರು’ ಎಂಬಂಥ ಪದಗಳ ಕೆಳಗೆ ಕೆಂಪು ಗೆರೆಗಳು ಬೀಳುತ್ತಾ ಹೋದವು. ಔಷಧಿಯಿಂದ ದಿನವಿಡೀ ನಿದ್ದೆ ಬಂದು ಕೆಲಸ ಕಳೆದುಕೊಂಡೆನೆಂದು ಹೇಳಿದವರ ಹಾಳೆಯಲ್ಲಿಯೂ, ಔಷಧಿ ಕೊಳ್ಳಲು ಹಣವಿರಲಿಲ್ಲವೆಂದು ಹೇಳಿದವರ ಹಾಳೆಯಲ್ಲಿಯೂ ಉಳಿದದ್ದು ‘ನಾನ್‌ಕಂಪ್ಲಯಂಟ್’ ಎಂಬ ಒಂದೇ ಪದ. ಕಾರಣ ಅಳಿಸಿಹೋಗಿ ತಪ್ಪು ಮಾತ್ರ ಉಳಿದಿತ್ತು. ಮುಂದಿನ ಪಾಳಿಯಲ್ಲಿ ಬರುವ ವೈದ್ಯರು ಓದುವುದು ಆ ಪದವನ್ನೇ, ರೋಗಿಯ ಮುಖ ನೋಡುವುದಕ್ಕಿಂತ ಮುಂಚೆ.

ಬರೆದ ಪದ ಓದಿದವರ ತೀರ್ಪನ್ನು ಬದಲಿಸುತ್ತದೆ ಎಂಬುದಕ್ಕೆ ಪುರಾವೆಯೂ ಇದೆ. ಕೆಲ್ಲಿ ಮತ್ತು ವೆಸ್ಟರ್‌ಹಾಫ್ ಎಂಬವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 516 ಚಿಕಿತ್ಸಕರಿಗೆ ಒಂದೇ ಪ್ರಕರಣವನ್ನು ಎರಡು ಬಗೆಯ ಪದಗಳಲ್ಲಿ ಕೊಡಲಾಗಿತ್ತು. ಒಂದರಲ್ಲಿ ವ್ಯಕ್ತಿಯನ್ನು ಮಾದಕವಸ್ತುವಿನ ದುರ್ಬಳಕೆದಾರನೆಂದೂ, ಇನ್ನೊಂದರಲ್ಲಿ ಮಾದಕವಸ್ತು ಬಳಕೆಯ ಅಸ್ವಸ್ಥತೆ ಇರುವವರೆಂದೂ ಬರೆಯಲಾಗಿತ್ತು. ಮೊದಲನೆಯದನ್ನು ಓದಿದ ಚಿಕಿತ್ಸಕರು, ಇದು ಆ ವ್ಯಕ್ತಿಯದೇ ತಪ್ಪು, ದಂಡನೆಯ ಕ್ರಮ ಸೂಕ್ತ ಎಂಬ ಕಡೆಗೆ ಹೆಚ್ಚು ವಾಲಿದರು. ವರ್ಷಗಟ್ಟಲೆ ತರಬೇತಿ ಪಡೆದವರೂ ಒಂದು ಪದಕ್ಕೆ ಇಷ್ಟು ಸುಲಭವಾಗಿ ಬಾಗುತ್ತಾರೆ ಎಂಬುದನ್ನು ಕೇಳಿ ನಮ್ಮಲ್ಲಿ ಕೆಲವರು ನಕ್ಕರು. ನಮ್ಮ ಕೆಂಪು ಗೆರೆಗಳು ಎದುರಿಗೇ ಇದ್ದುದರಿಂದ ಆ ನಗು ಬೇಗ ನಿಂತಿತು.

ಈ ಅವಧಿಯಲ್ಲಿ ತರಬೇತುದಾರರು ಮುಟ್ಟದೆ ಬಿಟ್ಟ, ಆದರೆ ಕನ್ನಡದಲ್ಲಿ ಕೆಲಸ ಮಾಡುವವರು ಬಿಡಬಾರದ ಒಂದು ಸಂಗತಿಯಿದೆ. ನಮ್ಮ ಟಿಪ್ಪಣಿ ಇಂಗ್ಲಿಷಿನಲ್ಲಿದ್ದರೂ ಮಾತುಕತೆ ಕನ್ನಡದಲ್ಲಿ ನಡೆಯುತ್ತದೆ, ಮತ್ತು ಕನ್ನಡದಲ್ಲಿ ಗೌರವವನ್ನು ಕಳೆಯಲು ಬೈಗುಳ ಬೇಕಾಗಿಲ್ಲ, ಬಹುವಚನವನ್ನು ಕೈಬಿಟ್ಟರೆ ಸಾಕು. ಮಧುಮೇಹಕ್ಕೆಂದು ಬಂದ ಐವತ್ತು ವರ್ಷದವರನ್ನು ‘ನೀವು, ಬನ್ನಿ, ಕುಳಿತುಕೊಳ್ಳಿ’ ಎನ್ನುವ ನಾಲಗೆಯೇ ಸ್ಕಿಜೋಫ್ರೇನಿಯಾ ಇರುವ ಅದೇ ವಯಸ್ಸಿನವರನ್ನು ‘ಮಾತ್ರೆ ತಗೊಂಡೆಯಾ’ ಎಂದು ಕೇಳುತ್ತದೆ. ಅವರ ಜೊತೆ ಬಂದವರನ್ನು ಮಾತ್ರ ಬಹುವಚನದಲ್ಲಿಯೇ ಮಾತನಾಡಿಸುತ್ತದೆ. ರೌಂಡ್ಸ್‌ನಲ್ಲಿ ರೋಗಿಯ ಎದುರೇ ‘ಇವನು ರಾತ್ರಿ ನಿದ್ದೆ ಮಾಡಿದನಾ’ ಎಂದು ನರ್ಸ್‌ರನ್ನು ಕೇಳುವಾಗ, ಅವರು ಅಲ್ಲಿಯೇ ಎಚ್ಚರವಾಗಿ ಕುಳಿತಿದ್ದಾರೆ ಎಂಬುದು ನಮಗೆ ನೆನಪಾಗುವುದಿಲ್ಲ. ಅದು ಸಲಿಗೆ ಎಂದು ಸಮರ್ಥಿಸಿಕೊಳ್ಳುವವರಿದ್ದಾರೆ. ಸಲಿಗೆಯಾಗಿದ್ದರೆ ರೋಗಿಯೂ ನಮ್ಮನ್ನು ಹಾಗೆಯೇ ಕರೆಯಬಹುದಿತ್ತು. ಬೇರೆ ಭಾಷೆಯಲ್ಲಿ ತಯಾರಾದ ಪಾಠವನ್ನು ಹಾಗೆಯೇ ತಂದು ಹೇಳಿದ್ದರ ಕೊರತೆ ಇಲ್ಲಿ ಎದ್ದು ಕಾಣುತ್ತದೆ.

ಕಳಂಕ ಮಾತಿಗಷ್ಟೇ ನಿಲ್ಲದೆ ದೇಹದವರೆಗೂ ಹೋಗುತ್ತದೆ ಎಂಬ ಭಾಗವನ್ನು ಚೆನ್ನಾಗಿ ನಿರ್ವಹಿಸಿದರು. ಮನೋರೋಗದ ಹಣೆಪಟ್ಟಿ ಒಮ್ಮೆ ಅಂಟಿದ ಮೇಲೆ ಎದೆನೋವು ಆತಂಕವಾಗುತ್ತದೆ, ಹೊಟ್ಟೆನೋವು ಮನಸ್ಸಿನ ದೂರಾಗುತ್ತದೆ. ತೀವ್ರ ಮನೋರೋಗವುಳ್ಳವರ ಆಯುಷ್ಯ ಉಳಿದವರಿಗಿಂತ 10ರಿಂದ 20 ವರ್ಷಗಳಷ್ಟು ಕಡಿಮೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಸಾವುಗಳಲ್ಲಿ ಹೆಚ್ಚಿನವು ಹೃದ್ರೋಗದಂಥ, ತಡೆಯಬಹುದಾದ ದೈಹಿಕ ಕಾಯಿಲೆಗಳಿಂದ ಆಗುವಂಥವು. ನಮ್ಮ ಗುಂಪಿನ ಹಿರಿಯ ನರ್ಸ್ ಒಬ್ಬರು ಆಗ ಎದ್ದುನಿಂತು, ಮೂರು ಬಾರಿ ಹೊಟ್ಟೆನೋವೆಂದು ಹೇಳಿ ಮೂರು ಬಾರಿಯೂ ಆತಂಕದ ಮಾತ್ರೆ ಪಡೆದ ಮಹಿಳೆಯೊಬ್ಬರಿಗೆ ನಾಲ್ಕನೆಯ ಬಾರಿ ಸ್ಕ್ಯಾನ್ ಮಾಡಿದಾಗ ಪಿತ್ತಕೋಶದ ತುಂಬ ಕಲ್ಲುಗಳಿದ್ದುದನ್ನು ನೆನಪಿಸಿದರು. ಆ ಮೂರರಲ್ಲಿ ಒಂದು ಟಿಪ್ಪಣಿ ಯಾರ ಕೈಬರಹದಲ್ಲಿತ್ತು ಎಂಬುದನ್ನು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಇನ್ನು ಕೊರತೆಗಳಿಗೆ ಬರುತ್ತೇನೆ. ಮೊದಲ ದಿನ ಮಧ್ಯಾಹ್ನದ ಅವಧಿಯಲ್ಲಿ ಮಿದುಳಿನ ಬಣ್ಣಬಣ್ಣದ ಚಿತ್ರಗಳನ್ನು ತೋರಿಸಿ, ಮನೋರೋಗವೂ ಮಧುಮೇಹದಂತೆಯೇ ಒಂದು ಕಾಯಿಲೆ, ರಾಸಾಯನಿಕಗಳ ಏರುಪೇರು, ಇದನ್ನು ಅರಿತರೆ ಕಳಂಕ ತಾನಾಗಿ ಇಳಿಯುತ್ತದೆ ಎಂದು ಬೋಧಿಸಿದರು. ಈ ವಾದ ಹಳೆಯದು, ಒಳ್ಳೆಯ ಉದ್ದೇಶದ್ದು, ಆದರೆ ಅರ್ಧ ಮಾತ್ರ ಸರಿ. ಜೈವಿಕ ವಿವರಣೆಯಿಂದ ರೋಗಿಯನ್ನು ದೂಷಿಸುವುದು ಕಡಿಮೆಯಾಗುತ್ತದೆ, ನಿಜ. ಆದರೆ ಇವರು ಸುಧಾರಿಸುವುದಿಲ್ಲ ಎಂಬ ನಿರಾಶೆ ಅದರಿಂದ ಹೆಚ್ಚಾಗುತ್ತದೆ ಎಂಬುದನ್ನು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2013ರ ವಿಶ್ಲೇಷಣೆ ತೋರಿಸಿದೆ. ಲೆಬೊವಿಟ್ಸ್ ಮತ್ತು ಆನ್ ಅವರ 2014ರ ಅಧ್ಯಯನ ಇನ್ನೂ ನೇರವಾಗಿ ನಮಗೆ ಸಂಬಂಧಿಸಿದ್ದು. ರೋಗಲಕ್ಷಣಗಳನ್ನು ಜೈವಿಕ ಕಾರಣಗಳಿಂದ ವಿವರಿಸಿದಾಗ ಚಿಕಿತ್ಸಕರಿಗೇ ರೋಗಿಯ ಬಗೆಗಿನ ಅನುಕಂಪ ತಗ್ಗಿತು ಎಂಬುದು ಅದರಲ್ಲಿ ಕಂಡುಬಂದ ಸಂಗತಿ. ವೃತ್ತಿಪರರ ಧೋರಣೆಯನ್ನು ತಿದ್ದಲೆಂದೇ ನಡೆಸುವ ತರಬೇತಿಯೊಂದು ಈ ಅಧ್ಯಯನವನ್ನು ಕಡೆಗಣಿಸಿ, ಅದು ಎಚ್ಚರಿಸಿದ ದಾರಿಯಲ್ಲಿಯೇ ಎರಡು ಗಂಟೆ ನಡೆದದ್ದು ಸಣ್ಣ ತಪ್ಪಲ್ಲ. ನಾನು ಪ್ರಶ್ನಿಸಿದಾಗ ಸಮಯದ ಅಭಾವವೆಂದು ಮುಂದಿನ ಸ್ಲೈಡಿಗೆ ಹೋದರು.

ಇದೇ ಬಗೆಯ ಇನ್ನೊಂದು ಅಜಾಗರೂಕತೆ ಅಮೆರಿಕದ ಮನಶ್ಶಾಸ್ತ್ರಜ್ಞ ರೋಸೆನ್‌ಹಾನ್ ಅವರ 1973ರ ಪ್ರಸಿದ್ಧ ಪ್ರಯೋಗವನ್ನು ಹೇಳಿದ ರೀತಿಯಲ್ಲಿತ್ತು. ಮನೋರೋಗವಿಲ್ಲದ ಎಂಟು ಮಂದಿ ಹುಸಿ ಲಕ್ಷಣವೊಂದನ್ನು ಹೇಳಿಕೊಂಡು ಆಸ್ಪತ್ರೆಗಳಿಗೆ ದಾಖಲಾದದ್ದು, ಆಮೇಲೆ ಅವರು ಸಹಜವಾಗಿ ನಡೆದುಕೊಂಡರೂ ಪ್ರತಿಯೊಂದು ವರ್ತನೆಯನ್ನೂ ಸಿಬ್ಬಂದಿ ರೋಗದ ಲಕ್ಷಣವೆಂದೇ ಓದಿದ್ದು, ಅವರು ಟಿಪ್ಪಣಿ ಮಾಡಿಕೊಳ್ಳುವುದೂ ಕಾಯಿಲೆಯ ಭಾಗವಾಗಿ ದಾಖಲಾದದ್ದು ಕೇಳುವುದಕ್ಕೆ ರೋಚಕವಾದ ಕಥೆ. ಆದರೆ ಪತ್ರಕರ್ತೆ ಸುಸಾನಾ ಕಹಲನ್ ಅವರು ಆ ಪ್ರಯೋಗದ ದಾಖಲೆಗಳನ್ನು ಜಾಲಾಡಿ 2019ರಲ್ಲಿ ಅದರ ನಂಬಲರ್ಹತೆಯ ಬಗ್ಗೆ ಗಂಭೀರ ಅನುಮಾನಗಳನ್ನು ಎತ್ತಿದ್ದಾರೆ. ಇದನ್ನು ಒಂದು ವಾಕ್ಯದಲ್ಲಾದರೂ ಹೇಳಬೇಕಿತ್ತು. ಕೇಳುತ್ತಿದ್ದವರಲ್ಲಿ ತರಬೇತಿಯನ್ನೇ ತಳ್ಳಿಹಾಕಲು ನೆಪ ಹುಡುಕುತ್ತಿದ್ದವರೂ ಇದ್ದರು. ಅಂಥವರ ಕೈಗೆ ತರಬೇತುದಾರರೇ ಆ ನೆಪವನ್ನು ಕೊಟ್ಟರು. ಊಟದ ವಿರಾಮದಲ್ಲಿ ಹಿರಿಯ ವೈದ್ಯರೊಬ್ಬರು ಅದನ್ನೇ ಹಿಡಿದುಕೊಂಡು ಉಳಿದ ಅಂಕಿಅಂಶಗಳನ್ನೂ ಲೇವಡಿ ಮಾಡುತ್ತಿದ್ದರು.

ಎರಡನೆಯ ದಿನದ ಮಧ್ಯಾಹ್ನ, ಹಿಂದೆ ಹಲವು ಬಾರಿ ಮನೋವೈದ್ಯಕೀಯ ವಾರ್ಡಿನಲ್ಲಿ ಒಳರೋಗಿಯಾಗಿದ್ದು ಈಗ ಇತರ ರೋಗಿಗಳಿಗೆ ಆಸರೆಯಾಗಿ ಕೆಲಸ ಮಾಡುತ್ತಿರುವ ಮಹಿಳೆಯೊಬ್ಬರು ನಮ್ಮೊಡನೆ ಮಾತನಾಡಿದರು. ಕಳಂಕವನ್ನು ತಗ್ಗಿಸಲು ಪಾಠಕ್ಕಿಂತ ಇಂಥ ಮುಖಾಮುಖಿಯೇ ಹೆಚ್ಚು ಪರಿಣಾಮಕಾರಿ ಎಂಬುದು ಪ್ಯಾಟ್ರಿಕ್ ಕೊರಿಗನ್ ಮೊದಲಾದವರ ಸಂಶೋಧನೆಗಳಿಂದ ಗೊತ್ತಿರುವ ವಿಚಾರ. ಆ ಮಹಿಳೆ ತಮ್ಮ ಕಷ್ಟದ ಕಥೆಯನ್ನು ಹೇಳಲಿಲ್ಲ. ವಾರ್ಡಿನಲ್ಲಿ ತಾವು ಜೋರಾಗಿ ನಕ್ಕರೆ ಉನ್ಮಾದವೆಂದೂ, ಸುಮ್ಮನಿದ್ದರೆ ಖಿನ್ನತೆಯೆಂದೂ ಬರೆಯುತ್ತಿದ್ದುದರಿಂದ, ಬೇಗ ಡಿಸ್ಚಾರ್ಜ್ ಆಗಲು ಎಷ್ಟು ನಗಬೇಕೆಂಬುದನ್ನು ಕಲಿತುಕೊಂಡೆ ಎಂದರು. “ನಿಮ್ಮಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ನೀವೆಲ್ಲರೂ ನನ್ನ ಬಗ್ಗೆ ನನ್ನ ತಾಯಿಯನ್ನೇ ಕೇಳುತ್ತಿದ್ದಿರಿ, ಅಷ್ಟೇ” ಎಂದು ಅವರು ಹೇಳಿದಾಗ ಕೋಣೆಯಲ್ಲಿ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ.

ಆದರೆ ಇಂಥ ಭೇಟಿ ಫಲ ಕೊಡಬೇಕಾದರೆ ಇಬ್ಬರೂ ಸಮಾನ ನೆಲೆಯಲ್ಲಿರಬೇಕು ಎಂಬುದನ್ನು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಷ್ಟು ಹಿಂದೆಯೇ ಪ್ರತಿಪಾದಿಸಿದ್ದರು. ಆಯೋಜಕರು ಆ ಮಹಿಳೆಗೆ ಕೊಟ್ಟದ್ದು ಊಟದ ನಂತರದ ಮುಕ್ಕಾಲು ಗಂಟೆ. ಕಾರ್ಯಕ್ರಮ ಪಟ್ಟಿಯಲ್ಲಿ ಉಳಿದ ಉಪನ್ಯಾಸಕರಿಗೆಲ್ಲ ಹೆಸರೂ ಪದವಿಯೂ ಇದ್ದವು, ಅವರ ಸಾಲಿನಲ್ಲಿ ‘ಅನುಭವ ಹಂಚಿಕೆ’ ಎಂದಷ್ಟೇ ಇತ್ತು. ಬಿಡುವಿನಲ್ಲಿ ಕೇಳಿದಾಗ, ತಮಗೆ ಪ್ರಯಾಣದ ಖರ್ಚು ಮಾತ್ರ ಕೊಡುತ್ತಾರೆಂದು ಅವರು ಮುಜುಗರವಿಲ್ಲದೆ ಹೇಳಿದರು. ಉಪನ್ಯಾಸಕರಿಗೆ ಸಂಭಾವನೆಯಿತ್ತು. ಕಳಂಕದ ವಿರುದ್ಧದ ತರಬೇತಿಯಲ್ಲಿ ಈ ಲೆಕ್ಕ ಯಾರ ಕಣ್ಣಿಗೂ ಚುಚ್ಚದೆ ಹೋದದ್ದು ಹೇಗೆ ಎಂದು ಅಭಿಪ್ರಾಯ ಪತ್ರದಲ್ಲಿ ಬರೆದೆ. ಉತ್ತರ ಬರಲಿಲ್ಲ.

ಕೊನೆಯ ಅವಧಿ ನಮ್ಮ ನಮ್ಮ ಮನಸ್ಸಿನ ಆರೋಗ್ಯದ ಕುರಿತಾಗಿತ್ತು. ತೀವ್ರ ಭಾವೋದ್ವೇಗವನ್ನು ಸಂಭಾಳಿಸಲು ಕಲಿಸುವ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಚಿಕಿತ್ಸಾ ಪದ್ಧತಿಯನ್ನು ರೂಪಿಸಿದ ಮಾರ್ಷಾ ಲಿನೆಹಾನ್ ಅವರು ಹದಿಹರೆಯದಲ್ಲಿ ತಾವೇ ಮನೋವೈದ್ಯಕೀಯ ಆಸ್ಪತ್ರೆಯಲ್ಲಿದ್ದುದನ್ನು ಬಹಿರಂಗವಾಗಿ ಹೇಳಿಕೊಂಡದ್ದು 2011ರಲ್ಲಿ, ತಮ್ಮ ಕ್ಷೇತ್ರದಲ್ಲಿ ಜಗತ್ಪ್ರಸಿದ್ಧರಾಗಿ ಎಷ್ಟೋ ವರ್ಷಗಳಾದ ಮೇಲೆ. ಇದನ್ನು ತಿಳಿಸಿದ ತರಬೇತುದಾರರು, ನೀವು ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದರೆ ಅದನ್ನು ಸಹೋದ್ಯೋಗಿಗಳಿಗೆ ಹೇಳುತ್ತೀರಾ, ಹೇಳುವವರು ಕೈಯೆತ್ತಿ ಎಂದರು. ಒಂದು ಕೈಯೂ ಮೇಲೇಳಲಿಲ್ಲ. ಪರೀಕ್ಷೆ ಎಷ್ಟೇ ಚೆನ್ನಾಗಿದ್ದರೂ ವಿಭಾಗದ ಮುಖ್ಯಸ್ಥರ ಎದುರಿಗೆ ಇಂಥ ಪ್ರಶ್ನೆ ಕೇಳಬಾರದೆಂಬುದು ನನ್ನ ಅಭಿಪ್ರಾಯ. ನನ್ನ ಕೈಯೂ ಕೆಳಗೇ ಇತ್ತು, ಅದಕ್ಕೆ ಕಾರಣವಿತ್ತು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಪರಿಣಾಮವನ್ನು ಅಳೆಯಲು ಕೆನಡಾದಲ್ಲಿ ಆರೋಗ್ಯ ಸಿಬ್ಬಂದಿಗೆಂದೇ ತಯಾರಾದ ಪ್ರಶ್ನಾವಳಿಯೊಂದನ್ನು ತರಬೇತಿಯ ಮೊದಲು ಮತ್ತು ಮುಗಿದ ಸಂಜೆ ತುಂಬಿಸಿಕೊಂಡರು. ನಮ್ಮ ಅಂಕಗಳು ಸುಧಾರಿಸಿದವು. ಎರಡು ದಿನ ಒಂದೇ ವಿಷಯ ಕೇಳಿದವರು ಸರಿಯಾದ ಉತ್ತರ ಯಾವುದೆಂದು ಅಷ್ಟರಲ್ಲಿ ಕಲಿತಿರುತ್ತಾರೆ, ಆದ್ದರಿಂದ ಆ ಸುಧಾರಣೆಗೆ ನಾನು ಹೆಚ್ಚಿನ ಬೆಲೆ ಕೊಡುವುದಿಲ್ಲ. ಮೂರು ತಿಂಗಳ ನಂತರದ ಮರುಭೇಟಿ ಎಂದು ಒಪ್ಪಂದದಲ್ಲಿದ್ದದ್ದು ಒಂದು ಇಮೇಲ್ ಲಿಂಕ್ ಆಗಿ ಬಂತು. ಆ ಹೊತ್ತಿಗೆ ನಮ್ಮ ಕೇಸ್‌ಶೀಟುಗಳಿಂದ ‘ಮ್ಯಾನಿಪ್ಯುಲೇಟಿವ್’ ಎಂಬ ಪದ ಮಾಯವಾಗಿ, ಆ ಜಾಗದಲ್ಲಿ ‘ವರ್ತನೆಯ ಸವಾಲುಗಳಿವೆ’ ಎಂಬ ಸಭ್ಯ ಮಾತು ಬಂದು ಕುಳಿತಿತ್ತು. ಅದನ್ನು ಓದುವ ದನಿ ಮಾತ್ರ ಹಿಂದಿನದೇ. ನಿಜವಾದ ಬದಲಾವಣೆ ಏನಾದರೂ ಆಗಿದ್ದರೆ ಅದು ನಾವು ನಾಲ್ವರು ಪ್ರತಿ ಗುರುವಾರ ಅರ್ಧ ಗಂಟೆ ಕುಳಿತು ಒಬ್ಬರ ಟಿಪ್ಪಣಿಯನ್ನು ಇನ್ನೊಬ್ಬರು, ಆ ರೋಗಿ ಎದುರಿಗೆ ಕುಳಿತು ಕೇಳುತ್ತಿದ್ದಾರೆ ಎಂದುಕೊಂಡು, ಗಟ್ಟಿಯಾಗಿ ಓದುವುದರಿಂದ ಆದದ್ದು. ಇದನ್ನು ಯಾರೂ ಹೇಳಿಕೊಡಲಿಲ್ಲ, ಕೆಂಪು ಗೆರೆಯ ಆ ಬೆಳಗಿನಿಂದ ಹುಟ್ಟಿಕೊಂಡದ್ದು.

ಹಾಗಾಗಿ ಈ ಸೇವೆಯನ್ನು ಬೇಡವೆಂದು ಹೇಳಲಾರೆ. ಕರೆಸುವವರು ಮಿದುಳಿನ ಚಿತ್ರಗಳ ಅವಧಿಯನ್ನು ತೆಗೆಸಿ ಆ ಸಮಯವನ್ನು ಕೇಸ್‌ಶೀಟಿನ ಅಭ್ಯಾಸಕ್ಕೆ ಕೊಡಲು ಒತ್ತಾಯಿಸಲಿ. ರೋಗದ ಅನುಭವವುಳ್ಳವರು ಕನಿಷ್ಠ ಇಬ್ಬರಾದರೂ ಎರಡೂ ದಿನ ತರಬೇತುದಾರರಾಗಿಯೇ, ಸಂಭಾವನೆಯೊಡನೆ ಇರಬೇಕೆಂದು ಬರಹದಲ್ಲಿ ಕೇಳಲಿ. ಆಡಳಿತಾಧಿಕಾರಿಗಳು ಉದ್ಘಾಟನೆಯ ಭಾಷಣ ಮಾಡಿ ಎದ್ದುಹೋಗದಂತೆ ನೋಡಿಕೊಳ್ಳಲಿ, ಏಕೆಂದರೆ ಒಬ್ಬ ವೈದ್ಯರ ಪಾಲಿಗೆ ಒಂದೇ ಬೆಳಿಗ್ಗೆ ಅರವತ್ತು ರೋಗಿಗಳನ್ನು ಹಂಚುವವರು ಅವರೇ, ಆ ಅವಸರದಲ್ಲಿ ಯಾರ ಬಾಯಿಂದಲೂ ‘ನೀವು’ ಎಂಬ ಮಾತು ಸುಲಭವಾಗಿ ಹೊರಡುವುದಿಲ್ಲ.

ನಮ್ಮ ಆಸ್ಪತ್ರೆಗೆ ಬರುವವರನ್ನು ಮೊದಲು ಎದುರುಗೊಳ್ಳುವವರು ಮನೋವೈದ್ಯರಲ್ಲ, ಬಾಗಿಲಲ್ಲಿರುವ ಕಾವಲುಗಾರರು ಮತ್ತು ನೋಂದಣಿ ಕೌಂಟರಿನಲ್ಲಿ ಕುಳಿತವರು. ‘ಪೇಷಂಟ್ ಯಾರು, ನೀನಾ, ಅವರಾ’ ಎಂಬ ಪ್ರಶ್ನೆ ಅಲ್ಲಿಯೇ ಗಟ್ಟಿಯಾಗಿ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಬರುತ್ತದೆ. ಇವರಿಗೂ ಒಂದು ದಿನದ ತರಬೇತಿ ಬೇಕೆಂದು ನಾವು ನಾಲ್ವರು ಸಹಿಮಾಡಿ ಆ ಸಂಸ್ಥೆಗೆ ಪತ್ರ ಬರೆದೆವು. ತಮ್ಮ ಕಾರ್ಯಕ್ರಮ ವೃತ್ತಿಪರರಿಗೆ ಮಾತ್ರ ಮೀಸಲು, ಆ ಹಂತದ ಸಿಬ್ಬಂದಿಗೆ ಇದು ಅರ್ಥವಾಗುವುದು ಕಷ್ಟ ಎಂದು ಎರಡು ಸಾಲಿನ ಉತ್ತರ ಬಂದಿದೆ.